ಹನ್ನೆರಡು ರೂಪಾಯಿ ಆಯೇರಿ

ನಮ್ಮ ಕಡೆಯ ಜಾತ್ರೆ ನಾಟಕಗಳಲ್ಲಿ ಫೌಜದಾರನ ಪಾರ್ಟಿಗೆ ಯಾವತ್ತೂ ಜಗಳ. ಎಲ್ಲರಿಗೂ ಅದೇ ಬೇಕು. ಖಾಕಿ ಡ್ರೆಸ್ಸು, ಕಪ್ಪು ಬೂಟು, ಕಂಕುಳಲ್ಲಿ ಬೆತ್ತ. ಪರದೆ ಸರಿದ ಕೂಡಲೇ ಒದರುತ್ತ ಬರಬೇಕು, ಮೀಸೆ ತಿರುವಬೇಕು, ಹವಾಲ್ದಾರನಿಗೆ ನಾಲ್ಕು ಬೈಯಬೇಕು. ಮಂದಿ ಸೀಟಿ ಹೊಡೆಯುತ್ತಾರೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಊರುಗಳಲ್ಲಿ ಇಂಥ ಫೌಜದಾರರನ್ನು ನೋಡುತ್ತಲೇ ನಾವು ದೊಡ್ಡವರಾದೆವು. ಒದರದ ಫೌಜದಾರನನ್ನು ನಾನು ರಂಗದ ಮೇಲೆ ನೋಡಿದ್ದು ಒಂದೇ ಸಲ, 1982ರ ಬೇಸಿಗೆಯಲ್ಲಿ, ನಮ್ಮೂರ ಜಾತ್ರೆಯಲ್ಲಿ. ಆ ಪಾರ್ಟು ಮಾಡಿದವನು ನನ್ನ ಕಾಕಾ. ಪರದೆಯ ಹಿಂದೆ ಪುಸ್ತಕ ಹಿಡಿದು ಮಾತು ಎತ್ತಿಕೊಡುತ್ತಿದ್ದವನು ನಾನು.

ಅದನ್ನು ಹೇಳಬೇಕಾದರೆ ಅದಕ್ಕೂ ಒಂದು ವರ್ಷ ಹಿಂದಕ್ಕೆ ಹೋಗಬೇಕು. ಬೆಂಕಿಗೆ ಇನ್ನೊಂದೆರಡು ಕಟ್ಟಿಗೆ ಹಾಕ್ರಿ, ಮಾತು ಜರಾ ಉದ್ದ ಐತಿ.

ಆಗ ನಿಪ್ಪಾಣಿ ಇನ್ನೂ ಚಿಕ್ಕೋಡಿ ತಾಲೂಕಿನ ಊರು. ಹೆಸರು ಮಾತ್ರ ದೇಶಕ್ಕೆಲ್ಲ ಗೊತ್ತು, ಬೀಡಿ ತಂಬಾಕಿನಿಂದ. ಊರ ತುಂಬ ವಖಾರಿಗಳು. ಬೆಳೆದವನು ಚಕ್ಕಡಿ ಹೂಡಿಕೊಂಡು ಹೋಗಿ ವಖಾರಿಯ ಮುಂದೆ ನಿಲ್ಲಬೇಕು. ಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ, ಮೂಗಿಗೆ ಹಿಡಿದು, ಇದು ಎಷ್ಟನೇ ದರ್ಜೆಯ ಮಾಲು ಎಂದು ಹೇಳುವವನು ವ್ಯಾಪಾರಿ. ದರ ಹೇಳುವವನೂ ಅವನೇ, ತೂಗುವವನೂ ಅವನೇ, ಹಣ ಯಾವಾಗ ಕೊಡುವುದು ಎಂದು ನಿಶ್ಚಯಿಸುವವನೂ ಅವನೇ. ಅದೇ ವಖಾರಿಗಳ ಒಳಗೆ ಹೆಣ್ಣುಮಕ್ಕಳು ಮೂಗಿಗೆ ಸೆರಗು ಕಟ್ಟಿಕೊಂಡು ದಿನವಿಡೀ ತಂಬಾಕು ಬಡಿದು, ಸೋಸಿ, ಚೀಲ ತುಂಬುತ್ತಿದ್ದರು. ಅವರು ಸಂಘ ಕಟ್ಟಿಕೊಂಡು ಹೋರಾಡಿದ ಕಥೆಯನ್ನು ದೀಪಾ ಧನರಾಜ್ ಮತ್ತು ಯುಗಾಂತರ ತಂಡದವರು ಅಲ್ಲಿಯೇ ಬಂದು ಚಿತ್ರೀಕರಿಸಿದರು. 1982ರಲ್ಲಿ ಬಂದ ಆ ಚಿತ್ರವನ್ನು ಸಿಕ್ಕರೆ ನೋಡಿರಿ. ನಮ್ಮ ಅವ್ವಂದಿರ ಕೆಮ್ಮು ಅದರಲ್ಲಿ ಕೇಳಿಸುತ್ತದೆ.

1981ರ ಮಾರ್ಚಿನಲ್ಲಿ ತಂಬಾಕಿಗೆ ನ್ಯಾಯದ ದರ ಬೇಕೆಂದು ರೈತರು ನಿಪ್ಪಾಣಿಯ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಮುಂದಾಳು ಶೇತಕರಿ ಸಂಘಟನೆಯ ಶರದ್ ಜೋಶಿ. ವಿದೇಶದಲ್ಲಿ ದೊಡ್ಡ ನೌಕರಿ ಬಿಟ್ಟು ಬಂದು ಚಾಕಣದ ಕಡೆ ಹೊಲ ಹಿಡಿದು, ಉಳ್ಳಾಗಡ್ಡಿಯ ದರಕ್ಕಾಗಿ ಹೋರಾಡಿ ಹೆಸರಾದವರು. ನಿಪ್ಪಾಣಿಯಲ್ಲಿ ಅವರ ಜೊತೆ ನಿಂತವರು ಪ್ರೊ. ಸುಭಾಷ ಜೋಶಿ. ಹಳ್ಳಿಗಳಿಂದ ಚಕ್ಕಡಿಗಳು ಬಂದವು. ಹೆದ್ದಾರಿಯ ಮೇಲೆಯೇ ಹಂದರ ಹಾಕಿದರು, ಒಲೆ ಹೂಡಿದರು, ಭಜನೆ ಮಾಡಿದರು. ನಮ್ಮದು ಗಡಿಯ ಸೀಮೆ. ಭಾಷೆಯ ಮಾತು ಬಂದರೆ ಅಣ್ಣತಮ್ಮಂದಿರೂ ಬ್ಯಾರೆ ಬ್ಯಾರೆ ಕಟ್ಟೆಗೆ ಕೂಡುವ ಸೀಮೆ. ಆದರೆ ಆ ರಸ್ತೆಯ ಮೇಲೆ ಕನ್ನಡದ ರೊಟ್ಟಿ, ಮರಾಠಿಯ ಪಿಠಲೆ ಒಂದೇ ಪಂಕ್ತಿಯಲ್ಲಿ ಕೂಡಿದವು. ನನಗೆ ಇವತ್ತಿಗೂ ಅದು ದೊಡ್ಡ ಮಾತು ಅನಿಸುತ್ತದೆ.

ಏಪ್ರಿಲ್ 6ರಂದು ಪೊಲೀಸರು ರಸ್ತೆ ತೆರವು ಮಾಡಲು ಬಂದರು. ಲಾಠಿ, ಅಶ್ರುವಾಯು, ಕೊನೆಗೆ ಗುಂಡು. ಹನ್ನೆರಡು ಮಂದಿ ರೈತರು ಸತ್ತರು. ಆಗ ಮುಖ್ಯಮಂತ್ರಿ ಆರ್. ಗುಂಡೂರಾವ್. ಒಂದು ವರ್ಷವೂ ಆಗಿರಲಿಲ್ಲ, 1980ರ ಜುಲೈ 21ರಂದು ನರಗುಂದ–ನವಲಗುಂದದಲ್ಲಿ ಮಲಪ್ರಭೆಯ ನೀರಿನ ಕರದ ಸಲುವಾಗಿ ಎದ್ದ ರೈತರ ಮೇಲೂ ಗುಂಡು ಹಾರಿತ್ತು. ಆ ನೋವಿನಿಂದಲೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಜನವರಿಯಲ್ಲಿ ಗುಂಡೂರಾಯರ ಸರಕಾರ ಬಿತ್ತು. ಅದೆಲ್ಲ ಇತಿಹಾಸದ ಪುಸ್ತಕದಲ್ಲಿ ಇದೆ. ನಮ್ಮ ಕಾಕಾನಿಗೆ ಆದದ್ದು ಯಾವ ಪುಸ್ತಕದಲ್ಲೂ ಇಲ್ಲ.

ಅವನು ಆ ದಿನ ರಸ್ತೆಯ ಮೇಲೆ ಇದ್ದ. ಓಡುವಾಗ ಸಿಕ್ಕುಬಿದ್ದ. ಯಾವ ಠಾಣೆಗೆ ಒಯ್ದರು, ಯಾರು ಒಯ್ದರು ಎನ್ನುವುದನ್ನು ನಾನು ಹೇಳುವುದಿಲ್ಲ. ಮನೆಗೆ ಬಂದಾಗ ಅಂಗಾಲು ನೆಲಕ್ಕೆ ಊರಲು ಬರುತ್ತಿರಲಿಲ್ಲ. ಆಯಿ ಅರಿಷಿಣ-ಎಣ್ಣಿ ಕಾಸಿ ಹಚ್ಚುತ್ತ ಅಳುತ್ತಿದ್ದಳು. ಅವನು ಒಂದು ಮಾತೂ ಆಡಲಿಲ್ಲ. ಬಹಳ ತಿಂಗಳ ತನಕ ಆಡಲಿಲ್ಲ. ಕೇಳಿದರೆ ಎದ್ದು ದನಗಳ ಕಡೆ ಹೋಗುತ್ತಿದ್ದ.

ಮುಂದಿನ ವರ್ಷ ಜಾತ್ರೆ ಬಂತು. ನಾಟಕ ಯಾವುದೆಂದು ಗುಡಿಯ ಕಟ್ಟೆಯ ಮೇಲೆ ಮಾತಾಯಿತು. ನಮ್ಮ ಶಾಲೆಯ ಮಾಸ್ತರರು ಒಬ್ಬರು ನಾಟಕದ ಹುಚ್ಚಿನವರು. ಹುಚ್ಚು ಹಿಡಿಯದೆ ಇರಲು ನಮ್ಮ ಸೀಮೆಯಲ್ಲಿ ದಾರಿಯೇ ಇಲ್ಲ. ಕಾಗವಾಡ ದಾಟಿದರೆ ಮಿರಜ, ಸಾಂಗಲಿ. ಮಿರಜದಲ್ಲಿ ತಂಬೂರಿ ಮಾಡುವವರ ಓಣಿ. ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ ಆಡಿಸಿದ ‘ಸೀತಾ ಸ್ವಯಂವರ’ದಿಂದ ಮರಾಠಿ ರಂಗಭೂಮಿ ಶುರುವಾಯಿತು ಎನ್ನುತ್ತಾರೆ. ಆ ಭಾವೆಗೆ ಆಸೆ ಹುಟ್ಟಿಸಿದ್ದು ಕನ್ನಡ ಸೀಮೆಯಿಂದ ಬಂದ ಭಾಗವತರ ಮೇಳ. ಅದೇ ಸಾಂಗಲಿಯ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರ್ 1907ರಲ್ಲಿ ‘ಕೀಚಕವಧ’ ಬರೆದರು. ಕೀಚಕನಲ್ಲಿ ಮಂದಿ ಲಾರ್ಡ್ ಕರ್ಜನ್‌ನನ್ನು ಕಂಡರು. 1910ರಲ್ಲಿ ಸರಕಾರ ಆ ನಾಟಕ ನಿಲ್ಲಿಸಿತು. ಮಹಾಭಾರತದ ಕಥೆಯಲ್ಲಿಯೂ ಅಧಿಕಾರ ತನ್ನ ಮುಖ ಗುರುತಿಸಿಕೊಂಡು ಅಂಜುತ್ತದೆ, ನೋಡ್ರಿ.

ಮಾಸ್ತರರು ಮಹಾರಾಷ್ಟ್ರದ ಕಡೆ ಹೋದಾಗ ವಿಜಯ ತೆಂಡೂಲ್ಕರರ ‘ಘಾಶೀರಾಮ ಕೋತವಾಲ’ ನೋಡಿ ಬಂದಿದ್ದರು. 1972ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಮೊದಲು ಆಡಿದ್ದು, ಜಬ್ಬಾರ್ ಪಟೇಲ್ ನಿರ್ದೇಶನ, ಭಾಸ್ಕರ ಚಂದಾವರ್ಕರ್ ಸಂಗೀತ, ಪೇಶ್ವೆಯ ಮಂತ್ರಿ ನಾನಾ ಫಡ್ನವೀಸನ ಪಾತ್ರದಲ್ಲಿ ಮೋಹನ ಆಗಾಶೆ. ಮಾಸ್ತರರು ಅದನ್ನು ನಮಗೆ ಎಷ್ಟು ಸಲ ಹೇಳಿದರೋ! ಪರದೆಯೇ ಇಲ್ಲವಂತೆ, ಧೋತರ ಉಟ್ಟ ಗಂಡಸರು ಸಾಲಾಗಿ ನಿಂತು, ತೂಗಾಡಿ, ಗೋಡೆಯಾಗುತ್ತಾರಂತೆ. ಆ ಗೋಡೆ ಸರಿದರೆ ನಾನಾನ ಮಹಾಲು, ಮತ್ತೆ ಕೂಡಿದರೆ ಪುಣೆಯ ಬೀದಿ. ಪುಣೆಗೆ ಬಂದ ಬಡವ ಘಾಶೀರಾಮ, ಕಳವಿನ ಸುಳ್ಳು ಆರೋಪದಲ್ಲಿ ಪೆಟ್ಟು ತಿಂದವನು, ಮಗಳನ್ನು ನಾನಾನಿಗೆ ಒಪ್ಪಿಸಿ ಪುಣೆಯ ಕೋತವಾಲ, ಅಂದರೆ ಪೊಲೀಸರ ಮುಖ್ಯಸ್ಥ, ಆಗುತ್ತಾನೆ. ಆಮೇಲೆ ಊರನ್ನೇ ಜೈಲು ಮಾಡುತ್ತಾನೆ. ರಾತ್ರಿ ಹೊರಬಿದ್ದರೆ ಪರವಾನಿಗೆ ತೋರಿಸು, ಕಳವು ಒಪ್ಪದಿದ್ದರೆ ಕೆಂಪಗೆ ಕಾದ ಕಬ್ಬಿಣದ ಗುಂಡು ಹಿಡಿ. ಕೊನೆಗೆ ಮಂದಿಯ ಕೈಯಲ್ಲೇ ಸಾಯುತ್ತಾನೆ. ಇತಿಹಾಸದ ಘಾಶೀರಾಮನೂ ಹಾಗೇ ಸತ್ತ: 1791ರಲ್ಲಿ ಅವನು ಕೂಡಿಹಾಕಿಸಿದವರು ಉಸಿರು ಕಟ್ಟಿ ಸತ್ತ ಮೇಲೆ ಜನ ಅವನನ್ನು ಕಲ್ಲಿನಿಂದ ಹೊಡೆದು ಕೊಂದರು.

‘ಖರೇ ಬಿರುಸು ಎಲ್ಲೈತಿ ಗೊತ್ತೇನು?’ ಎನ್ನುತ್ತಿದ್ದರು ಮಾಸ್ತರರು. ‘ಘಾಶೀರಾಮನ್ನ ಮಂದೀ ಕೈಗೆ ಕೊಡೂ ಹುಕುಮಿಗೆ ಸಹಿ ಮಾಡಾಂವ ನಾನಾನೇ. ಬೆತ್ತ ಕೊಟ್ಟಾಂವಗ ಏನೂ ಆಗೂದಿಲ್ಲ. ಊರಿಗೆ ಹಬ್ಬ ಮಾಡ್ರಿ ಅಂತ ಭಾಷಣ ಮಾಡಿ ಹೊಕ್ಕಾನ.’

ಈ ಕಥೆ ತಲೆಯಲ್ಲಿ ಇಟ್ಟುಕೊಂಡೇ ಅವರು ನಮ್ಮೂರಿಗೆ ನಾಟಕ ಬರೆದರು. ಅಚ್ಚಾಗದ ನಾಟಕ, ಒಂದೇ ಹಸ್ತಪ್ರತಿ. ತಂಬಾಕು ಬೆಳೆದವನೊಬ್ಬ ವ್ಯಾಪಾರಿಯ ವಖಾರಿಗೆ ಮಾಲು ಹಾಕುತ್ತಾನೆ. ಹಣ ಸಿಗುವುದಿಲ್ಲ. ಮಗಳ ಮದುವೆ ಹತ್ತಿರ ಬಂತೆಂದು ತನ್ನ ಮಾಲು ತಿರುಗಿ ಒಯ್ಯಲು ಹೋಗುತ್ತಾನೆ. ವ್ಯಾಪಾರಿ ಕಳವಿನ ಕೇಸು ಹಾಕಿಸುತ್ತಾನೆ. ಫೌಜದಾರ ಹಿಡಿದುಕೊಂಡು ಹೋಗುತ್ತಾನೆ. ರೈತ ಠಾಣೆಯಲ್ಲಿ ಸಾಯುತ್ತಾನೆ. ‘ಉರುಲು ಹಾಕಿಕೊಂಡ’ ಎಂದು ಫೌಜದಾರ ಬರೆಯುತ್ತಾನೆ. ಕೊನೆಯ ಸೀನಿನಲ್ಲಿ ಮಂದಿ ಎದ್ದಾಗ ಫೌಜದಾರನಿಗೆ ವರ್ಗ ಆಗುತ್ತದೆ, ಹೊಸ ಫೌಜದಾರನಿಗೆ ಮಾಲೆ ಹಾಕುವವನು ಅದೇ ವ್ಯಾಪಾರಿ.

ಪಾರ್ಟು ಹಂಚುವ ದಿನ ಎಲ್ಲರೂ ಕಾಕಾನಿಗೆ ರೈತನ ಪಾರ್ಟು ಅಂದರು. ಅನುಭವಿಸಿದವನು, ಅವನೇ ಮಾಡಲಿ ಅಂದರು. ಕಾಕಾ ತಲೆ ಅಲ್ಲಾಡಿಸಿದ. ‘ನಂಗ ಫೌಜದಾರ ಕೊಡ್ರಿ.’

ಮಂದಿ ಸುಮ್ಮನಾದರು. ಮಾಸ್ತರರು, ‘ಯಾಕೋ ತಮ್ಮಾ?’ ಎಂದು ಕೇಳಿದರು.

‘ಹೊಡಸ್ಕೊಳ್ಳಾಂವಗ ಹೊಡ್ಯಾಂವ ಕಾಣ್ತಾನ್ರೀ. ಅಂವನ ಮಾರಿ ನಂಗ ಬಾಯಿಪಾಠ ಐತಿ.’

ತಾಲೀಮು ಶಾಲೆಯಲ್ಲಿ ನಡೆಯುತ್ತಿತ್ತು. ಮೊದಲ ದಿನವೇ ಕಾಕಾ ಮಾಸ್ತರರು ಬರೆದ ಅಬ್ಬರದ ಮಾತುಗಳನ್ನೆಲ್ಲ ಬಿಟ್ಟುಬಿಟ್ಟ. ಪುಸ್ತಕದಲ್ಲಿ ಇದ್ದದ್ದನ್ನು ನಾನು ಎತ್ತಿಕೊಟ್ಟರೆ ಕೈ ಮಾಡಿ ನಿಲ್ಲಿಸಿದ. ‘ಅಂವ ಒದರೂದಿಲ್ಲೋ. ಒದರಾವ್ರು ಹೊರಗ ಇರ್ತಾರ, ರಸ್ತಾದಾಗ. ಒಳಗಿನಾಂವ ಮೆಲ್ಲಕ ಮಾತಾಡ್ತಾನ. ಹೆಸರ ಕೇಳ್ತಾನ. ತಂದಿ ಹೆಸರ ಕೇಳ್ತಾನ. ಎಷ್ಟ ಎಕರೆ ಅಂತಾನ. ಮಕ್ಕಳೆಷ್ಟು ಅಂತಾನ. ಎಪ್ಪಾ, ಅಂತ ಕರೀತಾನ.’ ಆಗಲೇ ಮೊದಲ ಸಲ ನಾವು ಕೇಳಿದ್ದು, ಆ ರಾತ್ರಿ ಅವನಿಗೆ ಏನಾಗಿತ್ತು ಎಂದು. ಅವನು ಕಥೆ ಹೇಳಲಿಲ್ಲ, ಪಾರ್ಟು ಹೇಗೆ ಮಾಡಬೇಕೆಂದು ತೋರಿಸಿದ. ಗಡಿಯಾರ ಬಿಚ್ಚಿ ಜೇಬಿಗೆ ಇಡುವುದು. ತೋಳು ಎರಡು ಮಡಿಕೆ ಮಡಚುವುದು. ಅದನ್ನು ನೋಡುತ್ತಿದ್ದಾಗ ಮಾಸ್ತರರು ಕಣ್ಣಿಗೆ ಕರವಸ್ತ್ರ ಒತ್ತಿದರು.

ನಾಟಕಕ್ಕೆ ಪರವಾನಿಗೆ ಬೇಕು. ಅರ್ಜಿಯ ಜೊತೆ ಪುಸ್ತಕವನ್ನೂ ಠಾಣೆಗೆ ಒಯ್ದು ತೋರಿಸಬೇಕು ಎನ್ನುವುದು ನಮ್ಮ ಕಡೆ ಮುಂಬೈ ಪ್ರಾಂತದ ಕಾಲದಿಂದ ಬಂದ ರೂಢಿ. ಇದರ ಬೇರು ಇನ್ನೂ ಹಿಂದಕ್ಕಿದೆ. 1876ರ ಮಾರ್ಚಿನಲ್ಲಿ ಕಲ್ಕತ್ತೆಯ ಗ್ರೇಟ್ ನ್ಯಾಷನಲ್ ಥಿಯೇಟರಿನವರು ಅಲ್ಲಿಯ ಪೊಲೀಸ್ ಕಮಿಷನರ್ ಸ್ಟುವರ್ಟ್ ಹಾಗ್‌ನನ್ನು ಗೇಲಿ ಮಾಡುವ ಪ್ರಹಸನ ಆಡಿದರು. ಕೆಲವೇ ದಿನದಲ್ಲಿ ನಟರನ್ನೂ ನಿರ್ದೇಶಕರನ್ನೂ ಹಿಡಿದರು. ಆ ವರ್ಷವೇ ನಾಟಕ ಪ್ರದರ್ಶನ ಕಾಯ್ದೆ ಬಂತು, ಸರಕಾರಕ್ಕೆ ಬೇಡವಾದ ಆಟ ನಿಲ್ಲಿಸಲು. ಸ್ವಾತಂತ್ರ್ಯ ಬಂದ ಮೇಲೂ ಅದು ಪುಸ್ತಕದಲ್ಲಿ ಉಳಿದೇ ಇತ್ತು, 2018ರಲ್ಲಷ್ಟೇ ರದ್ದಾಯಿತು. ಪೊಲೀಸರನ್ನು ರಂಗಕ್ಕೆ ತಂದದ್ದಕ್ಕೂ ನಾಟಕದ ಮೇಲೆ ಪೊಲೀಸರ ಕಾವಲು ಬಿದ್ದದ್ದಕ್ಕೂ ನೂರು ವರ್ಷಕ್ಕೂ ಹಳೆಯ ನಂಟು ಇದೆ.

ನಮ್ಮ ಪುಸ್ತಕ ತಿರುಗಿ ಬಂದಾಗ ಠಾಣೆಯ ಸೀನಿನ ಮೇಲೆ ಕೆಂಪು ಶಾಯಿ ಎಳೆದಿತ್ತು. ಹೆಸರು, ತಂದೆಯ ಹೆಸರು, ಎಕರೆ ಕೇಳುವ ಮಾತಿಗೆ ಅಡ್ಡಿ ಇರಲಿಲ್ಲ, ಅವು ಸಾದಾ ವಿಚಾರಣೆ ತಾನೆ. ರೈತ ಚೀರುವ ಮಾತು, ‘ಹೊಡಿಬ್ಯಾಡ್ರೀ ಸಾಹೇಬ್ರ’ ಅನ್ನುವುದು, ಸಾಯುವ ಮುಂದಿನ ಮಾತು ಎಲ್ಲದರ ಮೇಲೂ ಗೆರೆ. ‘ಠಾಣೆಯೊಳಗ ಸಾಯೂದು ಬ್ಯಾಡ’ ಎಂದು ಬಾಯಿಮಾತಿನಲ್ಲಿಯೂ ಹೇಳಿ ಕಳಿಸಿದ್ದರು. ನಾಟಕ ಬೇಡವೇ ಬೇಡ ಎಂದರು ಕೆಲವರು. ಮಾಸ್ತರರು ಪುಸ್ತಕ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತರು. ಆಮೇಲೆ ಕಾಕಾನ ಮುಖ ನೋಡಿ, ‘ಕಾಟು ಹೊಡ್ದ ಮಾತ ಒಂದೂ ಆಡೂದು ಬ್ಯಾಡ. ಮಾತಷ್ಟ ಕಾಟ ಹೊಡದಾರ’ ಎಂದರು.

ಪಲ್ಲಕ್ಕಿ ಗುಡಿಗೆ ಮರಳಿದ ಮೇಲೆ ರಾತ್ರಿ ಹತ್ತು ದಾಟಿ ನಾಟಕ ಶುರುವಾಯಿತು. ಸುತ್ತಿನ ಹಳ್ಳಿಗಳಿಂದ ಚಕ್ಕಡಿ, ಟ್ರ್ಯಾಕ್ಟರು. ಒಂದು ಕಡೆ ಗಂಡಸರು, ಒಂದು ಕಡೆ ಹೆಣ್ಣುಮಕ್ಕಳು, ನಡುವೆ ಹಗ್ಗ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಊರ ಗೌಡರನ್ನೂ ಠಾಣೆಯ ಫೌಜದಾರರನ್ನೂ ಕೂರಿಸಿ ಮಾಲೆ ಹಾಕಿದೆವು. ಗದಗಿನ ಕಡೆಯಿಂದ ಬಂದ ನಟಿ ರೈತನ ಹೆಂಡತಿಯಾಗಿ ಹಾಡಿದಳು, ಪೇಟಿ ಮಾಸ್ತರ ಒನ್ಸ್‌ಮೋರ್ ಮೇಲೆ ಒನ್ಸ್‌ಮೋರ್ ನುಡಿಸಿದ. ನಡುನಡುವೆ ಆಯೇರಿ ಓದುವುದು ನಿಮಗೆ ಗೊತ್ತೇ ಇದೆ: ಇಂಥವರ ಪಾರ್ಟು ನೋಡಿ ಮೆಚ್ಚಿ ಇಂಥವರು ಐದು ರೂಪಾಯಿ, ಇಂಥವರು ಒಂದು ಟಾವೆಲ್ಲು. ಆಗ ನಾಟಕ ನಿಲ್ಲುತ್ತದೆ, ನಟರು ನಿಂತಲ್ಲೇ ಕೈ ಮುಗಿಯುತ್ತಾರೆ.

ನಡುರಾತ್ರಿ ದಾಟಿದ ಮೇಲೆ ಠಾಣೆಯ ಸೀನು ಬಂತು. ಕಾಕಾ ಮೆಲ್ಲಗೆ ಬಂದು ಮೇಜಿನ ಹಿಂದೆ ಕುಳಿತ. ‘ಹೆಸರೇನ ಎಪ್ಪಾ?’ ಅಂದ. ಮಂದಿ ನಗಲು ತಯಾರಾಗಿದ್ದರು, ಫೌಜದಾರ ಬಂದರೆ ನಗೆ ಬರಬೇಕಲ್ಲ. ನಗೆ ಅರ್ಧಕ್ಕೇ ಉಳಿಯಿತು. ತಂದೆಯ ಹೆಸರು ಕೇಳಿದ, ಎಕರೆ ಕೇಳಿದ, ಮಕ್ಕಳೆಷ್ಟು ಎಂದು ಕೇಳಿದ. ಗಡಿಯಾರ ಬಿಚ್ಚಿದ. ತೋಳು ಮಡಚಿದ. ರೈತನ ಪಾರ್ಟಿನವನನ್ನು ಬೋರಲು ಮಲಗಿಸಿ ಅಂಗಾಲು ಮೇಲೆ ಮಾಡಿದ. ಅಲ್ಲಿಂದ ಮುಂದೆ ಪುಸ್ತಕದಲ್ಲಿ ಬರೀ ಕೆಂಪು ಗೆರೆ. ಪರದೆಯ ಹಿಂದೆ ನನ್ನ ಕೆಲಸ ಒಂದೇ, ತೋಯಿಸಿದ ಗೋಣಿಚೀಲದಲ್ಲಿ ಹುಲ್ಲು ತುಂಬಿ ಇಟ್ಟಿದ್ದೆವು, ಅವನ ಬೆತ್ತ ಇಳಿದಾಗ ಅದಕ್ಕೆ ಹೊಡೆಯಬೇಕು. ಮೈಕು ಹತ್ತಿರವಿತ್ತು. ಪೇಟಿ ನಿಂತಿತ್ತು. ರೈತ ಚೀರಲಿಲ್ಲ, ಚೀರಲು ಪರವಾನಿಗೆ ಇರಲಿಲ್ಲ. ಆ ಸಪ್ಪಳ ಒಂದೇ ಕತ್ತಲೆಯ ತುಂಬ ಹೋಯಿತು. ಹೊಡೆಯುವವನು ನಾನೇ ಎಂದು ನನ್ನ ಕೈ ನಡುಗಿತು, ಆದರೆ ಕಾಕಾನ ಕೈ ನಿಲ್ಲಲಿಲ್ಲ, ನಾನೂ ನಿಲ್ಲಿಸುವಂತಿರಲಿಲ್ಲ.

ಆಮೇಲೆ ಅವನು ಬೆತ್ತ ಒರೆಸಿ ಇಟ್ಟ. ತಂಬಿಗೆಯ ನೀರು ಕುಡಿದ. ಕುರ್ಚಿಗೆ ಕುಳಿತು ಕಾಗದ ಎಳೆದುಕೊಂಡು ಬರೆಯತೊಡಗಿದ. ಬರೆದ, ಬರೆದ, ಪುಟ ತಿರುವಿ ಬರೆದ. ಬಿದ್ದವನು ಬಿದ್ದೇ ಇದ್ದ. ಸತ್ತ ಎಂದು ಯಾರೂ ಹೇಳಲಿಲ್ಲ. ಏನು ಬರೆಯುತ್ತಿದ್ದಾನೆ ಎಂದೂ ಯಾರೂ ಹೇಳಲಿಲ್ಲ. ಕುಳಿತ ಮಂದಿಗೆಲ್ಲ ಗೊತ್ತಿತ್ತು.

ಪರದೆ ಎಳೆಯಬೇಕು ಅನ್ನುವಷ್ಟರಲ್ಲಿ ಹೆಣ್ಣುಮಕ್ಕಳ ಕಡೆಯಿಂದ ಒಬ್ಬ ಮುದುಕಿ ಎದ್ದು ಬಂದಳು. ನಿಪ್ಪಾಣಿಯ ವಖಾರಿಯಲ್ಲಿ ದುಡಿದು ಕೆಮ್ಮು ಹಚ್ಚಿಕೊಂಡವಳು, ನಮ್ಮೂರಿಗೆ ಮಗಳ ಮನೆಗೆ ಜಾತ್ರೆಗೆ ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿಯ ನಾಣ್ಯಗಳನ್ನು ಆಯೇರಿ ಓದುವವನ ಮುಂದೆ ಸುರಿದಳು.

‘ಯಾರ ಹೆಸರ್ಲೆ ಓದ್ಲಿ, ಅವ್ವಾ?’

‘ನಿಪ್ಪಾಣಿಯೊಳಗ ಗುಂಡ ಬಿದ್ದ ಸತ್ತಾರಲ್ಲ, ಅವ್ರ ಹೆಸರ್ಲೆ. ಹನ್ನೆರಡ ಅದಾವ, ಎಣಸ್ಕೋ.’

ಅವನು ಮುಂದಿನ ಸಾಲು ನೋಡಿದ, ಮೈಕು ನೋಡಿದ. ಬಾಯಿ ಒಣಗಿತ್ತು. ಮಾಸ್ತರರು ಒಳಗಿನಿಂದ ಬಂದು ಮೈಕು ತಾವೇ ಹಿಡಿದರು. ಸತ್ತವರ ಹೆಸರು ಅವರಿಗೂ ಬಾಯಿಗೆ ಬರುತ್ತಿರಲಿಲ್ಲ. ‘ನಿಪ್ಪಾಣಿ ರಸ್ತೆಯ ಮೇಲೆ ಮಡಿದ ರೈತನ ಹೆಸರಿನಲ್ಲಿ ಒಂದು ರೂಪಾಯಿ’ ಎಂದು ಓದಿದರು. ಒಂದು ನಾಣ್ಯ ಎತ್ತಿ ತಾಟಿನಲ್ಲಿ ಹಾಕಿದರು. ಮತ್ತೆ ಅದೇ ಮಾತು, ಇನ್ನೊಂದು ನಾಣ್ಯ. ಒಟ್ಟಿಗೆ ಹನ್ನೆರಡು ಎಂದು ಓದಿ ಮುಗಿಸಬಹುದಿತ್ತು. ಅವರು ಹನ್ನೆರಡೂ ಸಲ ಓದಿದರು. ರೂಢಿಯಂತೆ ಕಾಕಾ ಫೌಜದಾರನ ಡ್ರೆಸ್ಸಿನಲ್ಲೇ ಎದ್ದು ನಿಂತು ಟೊಪ್ಪಿಗೆ ತೆಗೆದು ಕೈ ಮುಗಿದ. ಬಿದ್ದಿದ್ದ ರೈತನೂ ಎದ್ದು ಕೈ ಮುಗಿದ. ಮಂದಿಯಲ್ಲಿ ಒಬ್ಬೊಬ್ಬರಾಗಿ ಗಂಡಸರು ಪಟಗ ತೆಗೆದರು.

ಮುಂದಿನ ಸಾಲಿನ ಫೌಜದಾರರು ಹನ್ನೆರಡೂ ಮುಗಿಯುವ ತನಕ ಅಲುಗದೆ ಕುಳಿತಿದ್ದರು. ಆಮೇಲೆ ಎದ್ದು ಜೀಪಿನ ಕಡೆ ನಡೆದರು. ವ್ಯಾಪಾರಿ ಹೊಸ ಫೌಜದಾರನಿಗೆ ಮಾಲೆ ಹಾಕುವ ಕೊನೆಯ ಸೀನನ್ನು ಅವರು ನೋಡಲಿಲ್ಲ. ಬಂದೋಬಸ್ತಿಗೆ ಬಿಟ್ಟಿದ್ದ ಪೇದೆಯೊಬ್ಬ ಮಾತ್ರ ಬೆಳಗಿನ ತನಕ ಕಂಬಕ್ಕೆ ಒರಗಿ ನಿಂತು ನೋಡಿದ. ಅವನೂ ರಾಯಬಾಗದ ಕಡೆಯ ಒಕ್ಕಲುತನದ ಮನೆಯವನು. ಹೋಗುವಾಗ ಕಾಕಾನ ಹತ್ತಿರ ಬಂದು ಒಂದು ಬೀಡಿ ಕೊಟ್ಟ. ಕಾಕಾ ತಗೊಂಡ. ಇಬ್ಬರೂ ಏನೂ ಮಾತಾಡಲಿಲ್ಲ.

ಮರುದಿನ ಮಾಸ್ತರರಿಗೆ ಕರೆ ಬಂತು. ಬೆಳಗಿನಿಂದ ಸಂಜೆಯ ತನಕ ಬಾಕಿನ ಮೇಲೆ ಕೂರಿಸಿದರು. ಕೈ ಮಾಡಲಿಲ್ಲ. ಕಾಟು ಹೊಡೆದ ಮಾತು ಒಂದನ್ನೂ ನಾವು ಆಡಿರಲಿಲ್ಲ, ಏನೆಂದು ಕೇಸು ಹಾಕಬೇಕು? ಪುಸ್ತಕ ಮಾತ್ರ ಇಟ್ಟುಕೊಂಡರು. ಅದು ತಿರುಗಿ ಬರಲೇ ಇಲ್ಲ. ಮುಂದಿನ ವರ್ಷ ಜಾತ್ರೆಗೆ ಕೃಷ್ಣ ಪಾರಿಜಾತ ಆಡಿಸಿದೆವು. ಆ ನಾಟಕದಲ್ಲಿ ಈಗ ಉಳಿದದ್ದು ನನ್ನ ನೆನಪಿನಲ್ಲಿ ಇದ್ದಷ್ಟು ಮಾತು. ಅದಕ್ಕೇ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಆಮೇಲೆ ನಿಯಮಗಳು ಬಂದಿವೆ, ಇಲ್ಲ ಅನ್ನಲಾರೆ. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಿಡಿಯುವವನ ಎದೆಯ ಮೇಲೆ ಹೆಸರು ಕಾಣಬೇಕು, ಹಿಡಿದದ್ದಕ್ಕೆ ಕಾಗದ ಮಾಡಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯರಿಗೆ ತೋರಿಸಬೇಕು ಎಂದು ಬರೆಯಿತು. 2020ರ ಡಿಸೆಂಬರಿನಲ್ಲಿ ಠಾಣೆ ಠಾಣೆಗೂ ಕ್ಯಾಮೆರಾ ಹಾಕಿರೆಂದಿತು. ಆ ಮಾತುಗಳನ್ನು ಓದುವಾಗಲೆಲ್ಲ ನನಗೆ ಕಾಕಾನ ಅಂಗಾಲು ಕಾಣುತ್ತದೆ. ಯಾರ ಯಾರ ಅಂಗಾಲಿನಿಂದ ಈ ಸಾಲುಗಳು ಎದ್ದು ಬಂದಿವೆಯೋ.

ಆದರೆ ಅದೇ 2020ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯ ಮಕ್ಕಳು ಒಂದು ಸಣ್ಣ ನಾಟಕ ಆಡಿದರು, ಪೌರತ್ವದ ಕಾಯ್ದೆಯ ಬಗ್ಗೆ. ರಾಜದ್ರೋಹದ ಕೇಸು ಬಿತ್ತು. ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನೂ ಒಂದು ಮಗುವಿನ ತಾಯಿಯನ್ನೂ ಜೈಲಿಗೆ ಹಾಕಿದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಪ್ರಾಥಮಿಕ ಶಾಲೆಯ ಮಕ್ಕಳನ್ನು ಕೂರಿಸಿ ವಿಚಾರಿಸಿದರು. ಸಮವಸ್ತ್ರದಲ್ಲಿ, ಶಸ್ತ್ರ ಹಿಡಿದು ಮಕ್ಕಳನ್ನು ಹಾಗೆ ವಿಚಾರಿಸಿದ್ದು ತಪ್ಪು ಎಂದು 2021ರಲ್ಲಿ ಹೈಕೋರ್ಟು ಹೇಳಿತು. 2023ರ ಜೂನಿನಲ್ಲಿ ಕಲಬುರಗಿ ಪೀಠ ಆ ಕೇಸನ್ನೇ ರದ್ದು ಮಾಡಿತು.

ಆ ಮಕ್ಕಳ ಸುದ್ದಿ ಪೇಪರಿನಲ್ಲಿ ಬಂದ ದಿನ ಕಾಕಾ ಹೊರಸಿನ ಮೇಲೆ ಕುಳಿತು ಬಿಸಿಲು ಕಾಯಿಸುತ್ತಿದ್ದ. ಎಪ್ಪತ್ತು ದಾಟಿತ್ತು. ಕನ್ನಡಕ ಇರಲಿಲ್ಲವೆಂದು ನಾನೇ ಓದಿ ಹೇಳಿದೆ. ಎಲ್ಲ ಕೇಳಿ, ಮೊದಲು ಕೇಳಿದ್ದು ಇಷ್ಟೇ:

‘ಯಾವ ದನಿಯೊಳಗ ಕೇಳಿದ್ರಂತ? ಮೆಲ್ಲಕೇನು?’

‘ಪೇಪರಿನ್ಯಾಗ ಅದನ್ನೆಲ್ಲ ಬರ್ದಿಲ್ಲ ಕಾಕಾ.’

‘ಮೆಲ್ಲಕೇ ಕೇಳಿರ್ತಾರ’ ಎಂದ. ಆಮೇಲೆ ಕಾಲು ಕೆಳಗೆ ಬಿಟ್ಟು ಎದ್ದು ಕುಳಿತ. ‘ಆ ಸಾಲಿ ಮಾಸ್ತರಗೋಳಿಗೆ ಒಂದ ಕಾಗದ ಬರಿ. ಹುಡುಗ್ರ ಕಡಿಂದ ಇನ್ನೊಂದ ನಾಟಕ ಮಾಡ್ಸರಿ ಅನ್ನು. ಫೌಜದಾರನ ಪಾರ್ಟ ಹ್ಯಾಂಗ ಮಾಡ್ಬೇಕಂತ ನಾ ಬಂದ ಕಲಸ್ತೀನಿ.’